ಗೆದ್ದ ಎಂಜಿನ್ನೇ ಗಟ್ಟಿ ಎಂಜಿನ್ನಾ?

1995ರ ಮೇ ತಿಂಗಳಲ್ಲಿ ಹಾಂಗ್‌ಕಾಂಗ್‌ನಲ್ಲಿ ಎಂಟನೇ ವಿಶ್ವ ಕಂಪ್ಯೂಟರ್ ಚೆಸ್ ಚಾಂಪಿಯನ್‌ಷಿಪ್ ನಡೆಯಿತು. ಕಣದಲ್ಲಿದ್ದ ದೊಡ್ಡ ಹೆಸರು ಐಬಿಎಂ ಕಂಪನಿಯ ಯಂತ್ರದ್ದು. ಮುಂದೆ ‘ಡೀಪ್ ಬ್ಲೂ’ ಎಂದು ಜಗತ್ತಿಗೆಲ್ಲ ಪರಿಚಯವಾಗಲಿದ್ದ ಯಂತ್ರದ ಮೊದಲ ರೂಪ ಅದು. ಚೆಸ್‌ಗೆಂದೇ ತಯಾರಿಸಿದ ಚಿಪ್‌ಗಳು, ವರ್ಷಗಟ್ಟಲೆ ನಡೆದ ಸಂಶೋಧನೆ, ಹೇಳಿಕೊಳ್ಳುವಂಥ ವಂಶ ಎಲ್ಲವೂ ಅದಕ್ಕಿದ್ದವು. ಅದೇ ಮನೆತನದ ‘ಡೀಪ್ ಥಾಟ್’ 1989ರಲ್ಲಿ ಎಡ್ಮಂಟನ್‌ನಲ್ಲಿ ಐದಕ್ಕೆ ಐದೂ ಪಂದ್ಯ ಗೆದ್ದು ವಿಶ್ವ ಪ್ರಶಸ್ತಿ ಎತ್ತಿಕೊಂಡು ಹೋಗಿತ್ತು. ಹಾಂಗ್‌ಕಾಂಗ್‌ನ ಕೊನೆಯ ಸುತ್ತಿನಲ್ಲಿ ಐಬಿಎಂ ಯಂತ್ರದೆದುರು ಬಂದದ್ದು ‘ಫ್ರಿಟ್ಜ್’. ದುಡ್ಡು ಕೊಟ್ಟರೆ ಯಾರಿಗೆ ಬೇಕಾದರೂ ಸಿಗುತ್ತಿದ್ದ, 90 ಮೆಗಾಹರ್ಟ್ಸ್‌ನ ಪೆಂಟಿಯಂ ಪಿಸಿಯ ಮೇಲೆ ಓಡುತ್ತಿದ್ದ ಪ್ರೋಗ್ರಾಂ. ಬಿಳಿ ಕಾಯಿ ಹಿಡಿದ ಐಬಿಎಂ ಯಂತ್ರ ಸೋತಿತು. ಫ್ರಿಟ್ಜ್ ಮತ್ತು ‘ಸ್ಟಾರ್ ಸಾಕ್ರಟೀಸ್’ ಸಮ ಅಂಕ ಗಳಿಸಿ, ಪ್ಲೇ-ಆಫ್‌ನಲ್ಲಿ ಫ್ರಿಟ್ಜ್ ಗೆದ್ದು ವಿಶ್ವ ಚಾಂಪಿಯನ್ ಆಯಿತು.

ಎರಡೇ ವರ್ಷದ ಮೇಲೆ, 1997ರ ಮೇನಲ್ಲಿ, ಇದೇ ಡೀಪ್ ಬ್ಲೂ ನ್ಯೂಯಾರ್ಕ್‌ನಲ್ಲಿ ಆಗಿನ ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್‌ರನ್ನು 3.5–2.5ರಿಂದ ಸೋಲಿಸಿತು. ಅದು ಕಂಪ್ಯೂಟರ್ ವಿಶ್ವ ಚಾಂಪಿಯನ್‌ಷಿಪ್ ಗೆಲ್ಲದೆಯೇ ನಿವೃತ್ತಿಯಾಯಿತು. ದಾಖಲೆ ಪುಸ್ತಕ ತೆರೆದರೆ 1995ರ ಸಾಲಿನಲ್ಲಿ ಫ್ರಿಟ್ಜ್ ಹೆಸರಿದೆ. ಆ ವಾರ ಜಗತ್ತಿನ ಅತಿ ಬಲಿಷ್ಠ ಚೆಸ್ ಯಂತ್ರ ಯಾವುದಿತ್ತು ಎಂದು ಕೇಳಿದರೆ ಫ್ರಿಟ್ಜ್ ಎಂದು ಹೇಳಲು ನನಗಂತೂ ನಾಲಿಗೆ ಹೊರಳುವುದಿಲ್ಲ.

ಇದು ಬರೀ ಕಂಪ್ಯೂಟರ್ ಹುಚ್ಚಿನವರ ಚರ್ಚೆ ಎಂದು ಬದಿಗಿಡುವ ಹಾಗಿಲ್ಲ. 2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ಗುಕೇಶ್ ವಿರುದ್ಧದ ವಿಶ್ವ ಚಾಂಪಿಯನ್‌ಷಿಪ್‌ನ ಕೊನೆಯ ಪಂದ್ಯದಲ್ಲಿ ಡಿಂಗ್ ಲಿರೆನ್ ತಮ್ಮ ಆನೆಯನ್ನು ತಪ್ಪು ಮನೆಗೆ ಸರಿಸಿದ ಕ್ಷಣವೇ ನೇರ ಪ್ರಸಾರ ನೋಡುತ್ತಿದ್ದವರಿಗೆಲ್ಲ ಆಟ ಮುಗಿಯಿತೆಂದು ಗೊತ್ತಾಯಿತು. ಗುಕೇಶ್ ಅವರಿಗೇ ಅದು ಹೊಳೆಯಲು ಇನ್ನೂ ಕೆಲವು ಕ್ಷಣ ಬೇಕಾಯಿತು. ನೋಡುಗರ ಪರದೆಯ ಬದಿಯಲ್ಲಿ ಮೇಲೆ ಕೆಳಗೆ ಜಿಗಿಯುವ ಆ ಕಪ್ಪು ಬಿಳುಪಿನ ಪಟ್ಟಿಯ ಹಿಂದೆ ಇರುವುದು ಎಂಜಿನ್, ಅಂದರೆ ಚೆಸ್ ಆಡುವ ಪ್ರೋಗ್ರಾಂ. ಇಂದು ಚೆಸ್‌ನಲ್ಲಿ ‘ಸರಿಯಾದ ನಡೆ’ ಯಾವುದೆಂದು ತೀರ್ಪು ಕೊಡುವ ನ್ಯಾಯಾಧೀಶ ಅದೇ. ಹಾಗಾದರೆ ಅಂಥ ನ್ಯಾಯಾಧೀಶರಲ್ಲಿ ಹಿರಿಯ ಯಾರು? ಟೂರ್ನಿ ಆಡಿಸಿ ನೋಡೋಣ ಎನ್ನುವುದು ಸಹಜವಾದ ಉತ್ತರ. ಆ ಉತ್ತರ ಎಷ್ಟರ ಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಅರ್ಧ ಶತಮಾನದ ಕಂಪ್ಯೂಟರ್ ಟೂರ್ನಿಗಳ ಚರಿತ್ರೆಯಲ್ಲೇ ಹುಡುಕಬಹುದು.

ಎದುರಾಗದೆಯೇ ಚಾಂಪಿಯನ್

ಶುರುವಿನಿಂದಲೇ ತೊಡಕಿತ್ತು. ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 1974ರಲ್ಲಿ, ಸ್ಟಾಕ್‌ಹೋಮ್‌ನಲ್ಲಿ. 13 ಪ್ರೋಗ್ರಾಂಗಳು, ನಾಲ್ಕೇ ಸುತ್ತು. ಸೋವಿಯತ್ ಒಕ್ಕೂಟದ ‘ಕೈಸ್ಸಾ’ ನಾಲ್ಕೂ ಪಂದ್ಯ ಗೆದ್ದಿತು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ‘ಚೆಸ್ 4.0’ ಮೇಲೆ ಬಹಳ ಜನ ಕಣ್ಣಿಟ್ಟಿದ್ದರು. ಅದು ‘ಕೇಯಾಸ್’ ಎಂಬ ಇನ್ನೊಂದು ಪ್ರೋಗ್ರಾಂ ಎದುರು ಸೋತು ಹಿಂದೆ ಬಿತ್ತು. ಹೀಗಾಗಿ ಟೂರ್ನಿಯ ಎರಡು ಪ್ರಮುಖ ಪ್ರೋಗ್ರಾಂಗಳು ಮುಖಾಮುಖಿ ಆಗಲೇ ಇಲ್ಲ. ಎಲ್ಲ ಮುಗಿದ ಮೇಲೆ ಸಂಘಟಕರು ಅವೆರಡನ್ನೂ ಕೂರಿಸಿ ಒಂದು ಪ್ರದರ್ಶನ ಪಂದ್ಯ ಆಡಿಸಿದರು. ಡ್ರಾ ಆಯಿತು! 1977ರಲ್ಲಿ ಟೊರಾಂಟೊದಲ್ಲಿ ನಡೆದ ಎರಡನೇ ಚಾಂಪಿಯನ್‌ಷಿಪ್‌ನಲ್ಲೂ ಇದೇ ಕಥೆ. ಈ ಸಲ ‘ಚೆಸ್ 4.6’ ಗೆದ್ದಿತು, ಕೈಸ್ಸಾ ಅದಕ್ಕೆ ಎದುರಾಗಲಿಲ್ಲ. ಮತ್ತೆ ಪ್ರದರ್ಶನ ಪಂದ್ಯ. ಅದರಲ್ಲಿ ಚೆಸ್ 4.6 ಗೆದ್ದದ್ದರಿಂದ ಎಲ್ಲರಿಗೂ ಸಮಾಧಾನವಾಯಿತು.

1986ರಲ್ಲಿ ಕಲೋನ್‌ನಲ್ಲಿ ಐದು ಸುತ್ತು ಮುಗಿದಾಗ ನಾಲ್ಕು ಪ್ರೋಗ್ರಾಂಗಳು ಸಮ ಅಂಕದಲ್ಲಿ ನಿಂತಿದ್ದವು. ಟೈ-ಬ್ರೇಕ್ ಲೆಕ್ಕದಲ್ಲಿ ‘ಕ್ರೇ ಬ್ಲಿಟ್ಜ್’ಗೆ ಕಿರೀಟ ಹೋಯಿತು. ಟೈ-ಬ್ರೇಕ್ ಎಂದರೆ ಎದುರಾಳಿಗಳು ಗಳಿಸಿದ ಅಂಕಗಳನ್ನು ಕೂಡುವ ಒಂದು ಲೆಕ್ಕಾಚಾರ. ಯಂತ್ರದ ಬಲಕ್ಕೂ ಅದಕ್ಕೂ ಇರುವ ನಂಟು ತೆಳುವಾದದ್ದು.

ಆ ದಿನಗಳಲ್ಲಿ ಇದಕ್ಕೆ ಬೇರೆ ದಾರಿ ಇರಲಿಲ್ಲ ಅನ್ನಿ. ಯಂತ್ರಗಳು ಕೋಣೆಯಷ್ಟು ದೊಡ್ಡವು, ಇದ್ದದ್ದು ಬೇರೆ ಊರಿನಲ್ಲಿ, ಕೆಲವು ಬೇರೆ ಖಂಡದಲ್ಲಿ. ನಡೆಗಳು ಫೋನ್ ತಂತಿಯಲ್ಲಿ ಬರುತ್ತಿದ್ದವು. ಕಂಪ್ಯೂಟರ್ ಸಮಯಕ್ಕೆ ಚಿನ್ನದ ಬೆಲೆ. ನಾಲ್ಕೈದು ಸುತ್ತು ಆಡಿಸಿದರೆ ಅದೇ ದೊಡ್ಡ ಸಾಹಸ.

ಹತ್ತೊಂಬತ್ತನ್ನು ಇಬ್ಬರಿಗೆ ಹಂಚಿದರೆ

ಈಗ ಸ್ವಲ್ಪ ಲೆಕ್ಕ. ಚೆಸ್ ಆಟಗಾರರ ಬಲವನ್ನು ಅಳೆಯುವ ಎಲೊ ರೇಟಿಂಗ್ ಎಲ್ಲರಿಗೂ ಗೊತ್ತು. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಅರ್ಪಾದ್ ಎಲೊ ರೂಪಿಸಿದ ವಿಧಾನ ಅದು. ಅದರ ಪ್ರಕಾರ ಇಬ್ಬರ ನಡುವೆ 100 ಪಾಯಿಂಟ್ ಅಂತರ ಇದ್ದರೆ ಬಲಿಷ್ಠನಿಗೆ 100 ಪಂದ್ಯಗಳಲ್ಲಿ ಸುಮಾರು 64 ಅಂಕ ಸಿಗಬೇಕು. 100 ಪಾಯಿಂಟ್ ಎಂದರೆ ಸಣ್ಣ ಅಂತರವಲ್ಲ. ಆದರೂ, ಡ್ರಾಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೇಳುವುದಾದರೆ, ಎಲ್ಲರಿಗಿಂತ ಅಷ್ಟು ಮುಂದಿರುವ ಯಂತ್ರವೊಂದು ಐದೂ ಸುತ್ತು ಗೆಲ್ಲುವ ಸಂಭವ ಹತ್ತರಲ್ಲಿ ಒಂದರಷ್ಟು ಮಾತ್ರ. ಉಳಿದ ಒಂಬತ್ತು ಸಲ ಅದು ಎಲ್ಲೋ ಎಡವುತ್ತದೆ. ಎಡವಿದ ಸುತ್ತಿನಲ್ಲಿ ಯಾರಿಗೆ ಲಾಭವಾಯಿತು ಎನ್ನುವುದರ ಮೇಲೆ ಚಾಂಪಿಯನ್ ಹೆಸರು ನಿಲ್ಲುತ್ತದೆ.

ಕ್ರಿಕೆಟ್ ನೋಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2023ರ ವಿಶ್ವಕಪ್‌ನಲ್ಲಿ ಭಾರತ ಸತತ ಹತ್ತು ಪಂದ್ಯ ಗೆದ್ದು, ಅಹಮದಾಬಾದ್‌ನ ಆ ಒಂದು ರಾತ್ರಿ ಸೋತಿತು. ಕಪ್ ಆಸ್ಟ್ರೇಲಿಯಾದ್ದು, ಅದರಲ್ಲಿ ತಕರಾರಿಲ್ಲ. ಆದರೆ ಆ ಟೂರ್ನಿಯ ಬಲಿಷ್ಠ ತಂಡ ಯಾವುದು ಎಂಬ ಜಗಳ ನಮ್ಮ ಹೋಟೆಲುಗಳಲ್ಲಿ ಇನ್ನೂ ಮುಗಿದಿಲ್ಲ.

ಇಂದಿನ ಎಂಜಿನ್ ಟೂರ್ನಿಗಳು ಈ ದೌರ್ಬಲ್ಯವನ್ನು ಅರಿತೇ ಹುಟ್ಟಿದವು. ಅವುಗಳಲ್ಲಿ ಹೆಚ್ಚು ಗೌರವ ಪಡೆದದ್ದು ‘ಟಿಸಿಇಸಿ’, ಅಂದರೆ ಟಾಪ್ ಚೆಸ್ ಎಂಜಿನ್ ಚಾಂಪಿಯನ್‌ಷಿಪ್. ಮಾರ್ಟಿನ್ ಥೋರೆಸೆನ್ 2010ರಲ್ಲಿ ಇದನ್ನು ಆರಂಭಿಸಿದರು. ಇಲ್ಲಿ ಯಾರೂ ಕುಳಿತು ಕಾಯಿ ಸರಿಸುವುದಿಲ್ಲ. ಎಲ್ಲ ಎಂಜಿನ್‌ಗಳೂ ಸಂಘಟಕರ ಯಂತ್ರದ ಮೇಲೆ ಹಗಲು ರಾತ್ರಿ ಆಡುತ್ತವೆ. ಕೆಳಗಿನ ವಿಭಾಗಗಳಿಂದ ಮೇಲಕ್ಕೆ ಬಡ್ತಿ, ಮೇಲಿನವರಿಗೆ ಹಿಂಬಡ್ತಿ, ಕೊನೆಗೆ ಎರಡು ಎಂಜಿನ್‌ಗಳ ನಡುವೆ 100 ಪಂದ್ಯಗಳ ಸೂಪರ್‌ಫೈನಲ್. ಐದು ಸುತ್ತು ಎಲ್ಲಿ, 100 ಪಂದ್ಯ ಎಲ್ಲಿ! ಇನ್ನೇನು ಬೇಕು ಎನಿಸಬಹುದು.

2019ರ ಆರಂಭದಲ್ಲಿ ನಡೆದ ಟಿಸಿಇಸಿಯ 14ನೇ ಸೀಸನ್ ನೋಡಿ. ಒಂದು ಕಡೆ ‘ಸ್ಟಾಕ್‌ಫಿಶ್’. ಯಾರು ಬೇಕಾದರೂ ಕೋಡ್ ನೋಡಬಹುದಾದ, ತಿದ್ದಬಹುದಾದ, ಹತ್ತು ವರ್ಷ ಹಲವರು ಕಡೆದು ಕಡೆದು ನಯಗೊಳಿಸಿದ ಎಂಜಿನ್. ಇನ್ನೊಂದು ಕಡೆ ಹುಟ್ಟಿ ಒಂದು ವರ್ಷವಷ್ಟೇ ಆಗಿದ್ದ ‘ಲೀಲಾ ಚೆಸ್ ಝೀರೊ’. ತನ್ನ ಜತೆ ತಾನೇ ಆಡಿಕೊಂಡು ಚೆಸ್ ಕಲಿತ ನ್ಯೂರಲ್ ನೆಟ್‌ವರ್ಕ್. 100 ಪಂದ್ಯ ಮುಗಿದಾಗ ಸ್ಟಾಕ್‌ಫಿಶ್ 50.5, ಲೀಲಾ 49.5. 81 ಡ್ರಾ. ಫಲಿತಾಂಶ ಬಂದ 19 ಪಂದ್ಯಗಳಲ್ಲಿ ಸ್ಟಾಕ್‌ಫಿಶ್‌ಗೆ 10, ಲೀಲಾಗೆ 9. ಹತ್ತೊಂಬತ್ತನ್ನು ಇಬ್ಬರಿಗೆ ಹಂಚಿದರೆ ಇದಕ್ಕಿಂತ ಸಮಪಾಲು ಸಾಧ್ಯವೇ ಇಲ್ಲ. ಆದರೂ ಒಬ್ಬರು ಚಾಂಪಿಯನ್, ಇನ್ನೊಬ್ಬರು ರನ್ನರ್-ಅಪ್.

ಅದೇ ವರ್ಷದ 15ನೇ ಸೀಸನ್‌ನಲ್ಲಿ ಲೀಲಾ ತಿರುಗಿಸಿ ಕೊಟ್ಟಿತು. 53.5–46.5. ಗೆಲುವು 14, ಸೋಲು 7, ಉಳಿದದ್ದು ಡ್ರಾ. ಈ ಸಲ ಮಾತ್ರ ಸ್ಪಷ್ಟವಾಗಿದೆ ಎಂದು ಅನಿಸುತ್ತದೆ, ಒಂದಕ್ಕೆ ಎರಡರಷ್ಟು ಗೆಲುವು ತಾನೆ? ಒಂದು ನಾಣ್ಯವನ್ನು 21 ಸಲ ಚಿಮ್ಮಿ ನೋಡಿ. ತಲೆಯೋ ಬಾಲವೋ, ಯಾವುದಾದರೂ ಒಂದು 14 ಅಥವಾ ಅದಕ್ಕಿಂತ ಹೆಚ್ಚು ಸಲ ಬೀಳುವ ಸಂಭವ ನೂರಕ್ಕೆ 19. ಅಂದರೆ ತೂಕದಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲದ ಎರಡು ಎಂಜಿನ್‌ಗಳು ಆಡಿದರೂ ಐದರಲ್ಲಿ ಒಂದು ಸಲ ಇಂಥ ‘ಸ್ಪಷ್ಟ’ ಫಲಿತಾಂಶ ಬಂದೀತು. 2020ರ 17ನೇ ಸೀಸನ್‌ನಲ್ಲಿ ಮತ್ತೆ ಲೀಲಾ, 17 ಗೆಲುವು, 12 ಸೋಲು. ಈ ಮೂರೂ ಸೂಪರ್‌ಫೈನಲ್‌ಗಳನ್ನು ಒಟ್ಟುಗೂಡಿಸಿ. 300 ಪಂದ್ಯಗಳಲ್ಲಿ ಲೀಲಾಗೆ 40 ಗೆಲುವು, ಸ್ಟಾಕ್‌ಫಿಶ್‌ಗೆ 29. ಸಂಖ್ಯಾಶಾಸ್ತ್ರ ಬಲ್ಲವರ ಮುಂದಿಟ್ಟರೆ ಇದು ಸಾಕಾಗುವುದಿಲ್ಲ, ಇನ್ನಷ್ಟು ಆಡಿಸಿ ಎನ್ನುತ್ತಾರೆ. ನಡುವಿನ 16ನೇ ಸೀಸನ್‌ನಲ್ಲಿ ಲೀಲಾ ಫೈನಲ್‌ಗೇ ಬಂದಿರಲಿಲ್ಲ ಎಂಬುದು ಇನ್ನೊಂದು ಮಾತು.

ಇನ್ನಷ್ಟು ಎಂದರೆ ಎಷ್ಟು? ಎರಡು ಎಂಜಿನ್‌ಗಳ ನಡುವೆ 10 ಎಲೊ ಅಂತರವಿದೆ, ನೂರರಲ್ಲಿ 60 ಪಂದ್ಯ ಡ್ರಾ ಆಗುತ್ತವೆ ಎಂದು ಇಟ್ಟುಕೊಳ್ಳಿ. ಆ ಅಂತರ ನಿಜವೇ, ಅದೃಷ್ಟವೇ ಎಂದು ತಕ್ಕಮಟ್ಟಿನ ಭರವಸೆಯಿಂದ ಹೇಳಲು ಎರಡು ಸಾವಿರದಷ್ಟು ಪಂದ್ಯ ಬೇಕು. ಅಂತರ 5 ಎಲೊ ಆದರೆ ಏಳೆಂಟು ಸಾವಿರ. 1 ಎಲೊ ಆದರೆ ಎರಡು ಲಕ್ಷದ ಹತ್ತಿರ. ಟೂರ್ನಿಯ ನಿಧಾನ ಗತಿಯಲ್ಲಿ ಪಂದ್ಯವೊಂದಕ್ಕೆ ನಾಲ್ಕು ತಾಸು ಎಂದು ಹಿಡಿದರೂ ಎರಡು ಸಾವಿರ ಪಂದ್ಯಕ್ಕೆ ಹನ್ನೊಂದು ತಿಂಗಳು. ಅಷ್ಟು ಹೊತ್ತಿಗೆ ನೋಡುಗರೂ ಇರುವುದಿಲ್ಲ, ಆ ಎಂಜಿನ್‌ಗಳೂ ಹಳತಾಗಿರುತ್ತವೆ.

ಸೋಲದೆಯೂ ಹೊರಗೆ

ಸಂಖ್ಯೆಯ ಕೊರತೆಯೊಂದೇ ಆಗಿದ್ದರೆ ಹೆಚ್ಚು ಪಂದ್ಯ ಆಡಿಸಿ ಸರಿಪಡಿಸಬಹುದಿತ್ತು. ನಿಯಮಾವಳಿಯೂ ತನ್ನ ಪಾಲಿನ ಆಟ ಆಡುತ್ತದೆ. 2017ರ ಟಿಸಿಇಸಿ 10ನೇ ಸೀಸನ್‌ನಲ್ಲಿ ಸ್ಟಾಕ್‌ಫಿಶ್ ಒಂದೇ ಒಂದು ಪಂದ್ಯವನ್ನೂ ಸೋಲಲಿಲ್ಲ. ಆದರೂ ಸೂಪರ್‌ಫೈನಲ್ ತಲುಪಲಿಲ್ಲ. ಕೆಳಗಿನ ಶ್ರೇಣಿಯ ಎಂಜಿನ್‌ಗಳನ್ನು ‘ಹುಡಿನಿ’ ಮತ್ತು ‘ಕೊಮೊಡೊ’ ಹೆಚ್ಚು ಸಲ ಬಗ್ಗುಬಡಿದು ಮುಂದೆ ಹೋದವು. ಫೈನಲ್‌ನಲ್ಲಿ ಹುಡಿನಿ 53–47ರಿಂದ ಗೆದ್ದಿತು. ಮುಂದಿನ ಸೀಸನ್‌ನಲ್ಲಿ ಸ್ಟಾಕ್‌ಫಿಶ್ ಅದೇ ಹುಡಿನಿಯನ್ನು 59–41ರಿಂದ ಮಣಿಸಿತು.

ದುರ್ಬಲರನ್ನು ಚಚ್ಚುವ ಕಲೆ ಒಂದು, ಬಲಿಷ್ಠರೆದುರು ಕೆಡದೆ ನಿಲ್ಲುವ ಕಲೆ ಇನ್ನೊಂದು. ಎಲ್ಲರೂ ಎಲ್ಲರೊಡನೆ ಆಡುವ ಲೀಗ್ ಮೊದಲನೆಯದಕ್ಕೆ ಹೆಚ್ಚು ಬೆಲೆ ಕೊಡುತ್ತದೆ, ಇಬ್ಬರ ನಡುವಿನ ದೀರ್ಘ ಸರಣಿ ಎರಡನೆಯದಕ್ಕೆ. ಯಾವ ರೀತಿಯ ಟೂರ್ನಿ ಎಂದು ಸಂಘಟಕರು ತೀರ್ಮಾನಿಸಿದಾಗಲೇ ಉತ್ತರದ ಒಂದು ಪಾಲು ತೀರ್ಮಾನವಾಗಿರುತ್ತದೆ.

ಮನುಷ್ಯರ ಕೈವಾಡವನ್ನೂ ಮರೆಯುವಂತಿಲ್ಲ. 2003ರಲ್ಲಿ ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ‘ಜಾನಿ’ ಎದುರು ‘ಶ್ರೆಡರ್’ ಗೆಲ್ಲುವ ಸ್ಥಿತಿಯಲ್ಲಿತ್ತು. ಶ್ರೆಡರ್‌ನ ಒಳಗಿನ ಯಾವುದೋ ದೋಷದಿಂದ ಒಂದೇ ಸ್ಥಿತಿ ಮೂರು ಸಲ ಮರುಕಳಿಸಿತು. ನಿಯಮದ ಪ್ರಕಾರ ಡ್ರಾ ಕೇಳಬಹುದು, ಜಾನಿಯ ಪರದೆಯ ಮೇಲೆ ಆ ಸೂಚನೆಯೂ ಬಂತು. ಆದರೆ ಅದನ್ನು ನಡೆಸುತ್ತಿದ್ದವರು ಎದುರಾಳಿಯ ದೋಷದಿಂದ ಲಾಭ ಪಡೆಯಲು ಒಪ್ಪದೆ ಆಟ ಮುಂದುವರಿಸಿದರು. ಶ್ರೆಡರ್ ಗೆದ್ದಿತು, ಆ ಅರ್ಧ ಅಂಕದ ಬಲದಿಂದ ಫ್ರಿಟ್ಜ್ ಜತೆ ಸಮಸಮ ನಿಂತಿತು, ಪ್ಲೇ-ಆಫ್ ಗೆದ್ದು ವಿಶ್ವ ಚಾಂಪಿಯನ್ ಆಯಿತು. ಸಜ್ಜನಿಕೆ ಮೆಚ್ಚುವಂಥದ್ದೇ. ಪ್ರಶಸ್ತಿ ಮಾತ್ರ ಮೂರನೆಯವರ ಕೈತಪ್ಪಿತು.

ಬಾರದವರ ಲೆಕ್ಕ

ವಿಶ್ವ ಚಾಂಪಿಯನ್‌ಷಿಪ್ ಎಂಬ ಹೆಸರಿದ್ದರೂ ಅಲ್ಲಿಗೆ ಬರುತ್ತಿದ್ದವರು ಕೆಲವರೇ. ತಂಡದವರು ಖುದ್ದಾಗಿ ಹಾಜರಿರಬೇಕಿತ್ತು, ದಿನಗಟ್ಟಲೆ ಬಿಡುವು ಬೇಕಿತ್ತು, ಪ್ರಯಾಣದ ಖರ್ಚು ಬೇಕಿತ್ತು. ವರ್ಷಗಟ್ಟಲೆ ರೇಟಿಂಗ್ ಪಟ್ಟಿಗಳ ತುದಿಯಲ್ಲಿ ಕುಳಿತ ಸ್ಟಾಕ್‌ಫಿಶ್ ಆ ಪ್ರಶಸ್ತಿಯನ್ನು ಒಮ್ಮೆಯೂ ಗೆದ್ದಿಲ್ಲ. ಸೋತು ಅಲ್ಲ, ಆಡದೆ.

ಇನ್ನು ಯಂತ್ರಾಂಶದ ವಿಷಯ. ಬಹಳ ಕಾಲ ಆ ಚಾಂಪಿಯನ್‌ಷಿಪ್‌ನಲ್ಲಿ ಯಾರು ಎಂಥ ಕಂಪ್ಯೂಟರ್ ತಂದರೂ ಸರಿ ಎಂಬ ನಿಯಮವಿತ್ತು. 2009ರಲ್ಲಿ ಪಾಂಪ್ಲೋನಾದಲ್ಲಿ ಎಂಟು ಪ್ರೊಸೆಸರ್ ಕೋರ್‌ಗಳ ಮಿತಿ ಹಾಕಿ ನೋಡಿದರು. ಅದಕ್ಕೆ ವಿರೋಧ ಬಂತು. ಮರುವರ್ಷದಿಂದ ಮಿತಿ ತೆಗೆದು, ಎಲ್ಲರಿಗೂ ಒಂದೇ ಬಗೆಯ ಯಂತ್ರ ಕೊಡುವ ಇನ್ನೊಂದು ಸ್ಪರ್ಧೆಯನ್ನೇ ಬೇರೆಯಾಗಿ ಆರಂಭಿಸಿದರು. 2015ರಲ್ಲಿ ಲೈಡನ್‌ನಲ್ಲಿ ಗೆದ್ದ ಜಾನಿ ಓಡುತ್ತಿದ್ದದ್ದು 2,400 ಕೋರ್‌ಗಳ ಮೇಲೆ. ಅಷ್ಟು ಕೋರ್‌ಗಳನ್ನು ಒಟ್ಟಿಗೆ ದುಡಿಸುವುದು ಸಣ್ಣ ವಿದ್ಯೆಯಲ್ಲ. ಗೆದ್ದದ್ದು ಆ ವಿದ್ಯೆಯೇ, ಚೆಸ್ ಜ್ಞಾನವೇ, ಕರೆಂಟ್ ಬಿಲ್ಲೇ ಎಂದು ಬೇರ್ಪಡಿಸುವುದು ಹೇಗೆ?

‘ರಿಬ್ಕಾ’ದ ಪ್ರಕರಣ ಇನ್ನೂ ಕಹಿಯಾದದ್ದು. 2007ರಿಂದ 2010ರವರೆಗೆ ಸತತ ನಾಲ್ಕು ವಿಶ್ವ ಪ್ರಶಸ್ತಿ ಗೆದ್ದ ಎಂಜಿನ್ ಅದು, ಆಗಿನ ರೇಟಿಂಗ್ ಪಟ್ಟಿಗಳಲ್ಲೂ ಅದಕ್ಕೇ ಮೊದಲ ಸ್ಥಾನ. 2011ರಲ್ಲಿ ಅಂತರರಾಷ್ಟ್ರೀಯ ಕಂಪ್ಯೂಟರ್ ಗೇಮ್ಸ್ ಅಸೋಸಿಯೇಷನ್ ತನಿಖೆ ನಡೆಸಿ, ಅದರಲ್ಲಿ ‘ಕ್ರಾಫ್ಟಿ’ ಮತ್ತು ‘ಫ್ರೂಟ್’ ಎಂಬ ಬೇರೆ ಎಂಜಿನ್‌ಗಳಿಂದ ನಕಲು ಮಾಡಿದ ಭಾಗಗಳಿವೆ ಎಂದು ತೀರ್ಮಾನಿಸಿ ನಾಲ್ಕೂ ಪ್ರಶಸ್ತಿ ಕಿತ್ತುಕೊಂಡಿತು. ಎರಡನೇ ಸ್ಥಾನದವರು ಮೇಲೇರಿದರು. ತೀರ್ಪಿನ ಬಗ್ಗೆ ವಾದಗಳು ಇಂದಿಗೂ ನಿಂತಿಲ್ಲ. ನಮ್ಮ ಪ್ರಶ್ನೆಗೆ ಬೇಕಾದದ್ದು ಇಷ್ಟೇ: ಆ ನಾಲ್ಕು ವರ್ಷಗಳ ದಾಖಲೆಯಲ್ಲಿ ಈಗ ಚಾಂಪಿಯನ್ ಎಂದಿರುವ ಎಂಜಿನ್‌ಗಳು ಆಗ ಬಲದಲ್ಲಿ ಮೊದಲಿನವಾಗಿರಲಿಲ್ಲ. ಪ್ರಶಸ್ತಿಗೆ ನೈತಿಕತೆ ಬೇಕು, ರೇಟಿಂಗ್‌ಗೆ ಅದು ಬೇಡ.

2017ರ ಡಿಸೆಂಬರ್‌ನಲ್ಲಿ ಗೂಗಲ್ ಬಳಗದ ಡೀಪ್‌ಮೈಂಡ್ ಕಂಪನಿ ಟೂರ್ನಿಯ ಗೊಡವೆಯೇ ಇಲ್ಲದೆ ತನ್ನ ‘ಆಲ್ಫಾಝೀರೊ’ ಸ್ಟಾಕ್‌ಫಿಶ್ 8ನ್ನು 100 ಪಂದ್ಯಗಳಲ್ಲಿ ಸೋಲಿಸಿತೆಂದು ಪ್ರಕಟಿಸಿತು. 28 ಗೆಲುವು, 72 ಡ್ರಾ, ಸೋಲು ಸೊನ್ನೆ. ಕೂಡಲೇ ಆಕ್ಷೇಪಗಳೆದ್ದವು. ಸ್ಟಾಕ್‌ಫಿಶ್‌ಗೆ ಕೊಟ್ಟ ಹ್ಯಾಷ್ ಮೆಮೊರಿ ಬರೀ ಒಂದು ಗಿಗಾಬೈಟ್, ಆರಂಭದ ನಡೆಗಳ ಪುಸ್ತಕವಿಲ್ಲ, ಪ್ರತಿ ನಡೆಗೂ ಕಡ್ಡಾಯ ಒಂದು ನಿಮಿಷ. ಕಷ್ಟದ ಜಾಗದಲ್ಲಿ ಹೆಚ್ಚು ಯೋಚಿಸಿ ಸುಲಭದಲ್ಲಿ ಸಮಯ ಉಳಿಸುವ ಅದರ ಜಾಣ್ಮೆಗೆ ಅವಕಾಶವೇ ಇಲ್ಲ. ಮರುವರ್ಷ ‘ಸೈನ್ಸ್’ ಪತ್ರಿಕೆಯ ಪ್ರಬಂಧದಲ್ಲಿ ಡೀಪ್‌ಮೈಂಡ್ ಹೆಚ್ಚು ನ್ಯಾಯವಾದ ಷರತ್ತಿನಲ್ಲಿ 1,000 ಪಂದ್ಯಗಳ ಫಲಿತಾಂಶ ಕೊಟ್ಟಿತು. 155 ಗೆಲುವು, 6 ಸೋಲು. ಇದನ್ನು ಅದೃಷ್ಟ ಎಂದು ಯಾರೂ ಹೇಳಲಾರರು. ಆದರೂ ಒಂದು ಗಂಟು ಉಳಿಯಿತು. 2017ರ ಪರೀಕ್ಷೆಯಲ್ಲಿ ಆಲ್ಫಾಝೀರೊ ಸೆಕೆಂಡಿಗೆ 80 ಸಾವಿರ ಸ್ಥಿತಿಗಳನ್ನು ನೋಡುತ್ತಿತ್ತು, ಸ್ಟಾಕ್‌ಫಿಶ್ 7 ಕೋಟಿ. ಒಂದು ಓಡುತ್ತಿದ್ದದ್ದು ಗೂಗಲ್‌ನ ವಿಶೇಷ ಚಿಪ್‌ಗಳ ಮೇಲೆ, ಇನ್ನೊಂದು ಸಾಮಾನ್ಯ ಪ್ರೊಸೆಸರ್ ಮೇಲೆ. ಇವೆರಡು ‘ಸಮಾನ ಯಂತ್ರಾಂಶ’ ಎಂದು ಯಾವ ಅಳತೆಗೋಲಿನಿಂದ ಹೇಳುವುದು? ಬೆಲೆಯಿಂದಲೇ, ವಿದ್ಯುತ್ತಿನಿಂದಲೇ? ಗ್ರಾಫಿಕ್ಸ್ ಕಾರ್ಡ್ ಬೇಡುವ ಲೀಲಾ ಟಿಸಿಇಸಿಗೆ ಬಂದಾಗಲೂ ಇದೇ ಪ್ರಶ್ನೆ ಬಂತು. ಸಂಘಟಕರು ಒಂದು ಅನುಪಾತ ಆರಿಸಿಕೊಂಡರು. ಆರಿಸಿಕೊಳ್ಳಲೇಬೇಕಿತ್ತು, ಬೇರೆ ಅನುಪಾತಕ್ಕೆ ಬೇರೆ ಚಾಂಪಿಯನ್ ಬರಬಹುದಿತ್ತು.

ವಾಲಿಸಿದ ಕಣ

ಎಲ್ಲಕ್ಕಿಂತ ವಿಚಿತ್ರವಾದದ್ದು ಡ್ರಾಗಳ ಕಾಟ. ಇಂದಿನ ಶ್ರೇಷ್ಠ ಎಂಜಿನ್‌ಗಳನ್ನು ಮಾಮೂಲಿ ಆರಂಭದ ಸ್ಥಿತಿಯಿಂದ, ಧಾರಾಳ ಸಮಯ ಕೊಟ್ಟು ಆಡಲು ಬಿಟ್ಟರೆ ಹೆಚ್ಚುಕಡಿಮೆ ಎಲ್ಲ ಪಂದ್ಯಗಳೂ ಡ್ರಾ. ಇಬ್ಬರೂ ತಪ್ಪು ಮಾಡುವುದಿಲ್ಲ, ತಪ್ಪಿಲ್ಲದೆ ಗೆಲುವಿಲ್ಲ. ಚೆಸ್ ಎಂಬ ಆಟದ ಸೂರು ಕೈಗೆ ತಗಲುವಷ್ಟು ಹತ್ತಿರ ಬಂದಿದೆ, ಅದರಡಿ ನಿಂತವರಲ್ಲಿ ಯಾರು ಎತ್ತರ ಎಂದು ಹೇಳುವುದು ಕಷ್ಟ.

ಹಾಗಾಗಿ ಟಿಸಿಇಸಿಯಲ್ಲಿ ಮೊದಲ ಕೆಲವು ನಡೆಗಳನ್ನು ಎಂಜಿನ್‌ಗಳಿಗೆ ಬಿಡುವುದಿಲ್ಲ. ಯೆರೂನ್ ನೋಮನ್ ಅವರಂಥ ಆರಂಭ-ತಜ್ಞರು ಒಂದು ಕಡೆ ಸ್ವಲ್ಪ ವಾಲಿದ ಸ್ಥಿತಿಗಳನ್ನು ಹುಡುಕಿ ಕೊಡುತ್ತಾರೆ. ಬಿಳಿ ಗೆಲ್ಲಬಹುದು, ಕಪ್ಪು ಉಳಿಯಲೂಬಹುದು, ಅಂಥ ಅಂಚಿನ ಸ್ಥಿತಿಗಳು. ನ್ಯಾಯಕ್ಕಾಗಿ ಪ್ರತಿ ಸ್ಥಿತಿಯನ್ನೂ ಬಣ್ಣ ಬದಲಿಸಿ ಎರಡು ಸಲ ಆಡಿಸುತ್ತಾರೆ. ಇಬ್ಬರೂ ಬಿಳಿಯಲ್ಲಿ ಗೆದ್ದರೆ ಸಮ. ಒಬ್ಬ ಬಿಳಿಯಲ್ಲಿ ಗೆದ್ದು ಕಪ್ಪಿನಲ್ಲಿ ಡ್ರಾ ಹಿಡಿದುಕೊಂಡರೆ ಅವನು ಆ ಜೋಡಿಯ ವಿಜೇತ.

ಉಪಾಯ ಚೆನ್ನಾಗಿದೆ, ಪಂದ್ಯಗಳು ಕಳೆಗಟ್ಟುತ್ತವೆ. ಆದರೆ ಅಳೆಯುವ ವಸ್ತುವೇ ಬದಲಾಯಿತಲ್ಲ. ತಾವಾಗಿ ಎಂದೂ ಹೋಗದ, ಹೋಗಲು ಇಷ್ಟಪಡದ ಇಕ್ಕಟ್ಟುಗಳಲ್ಲಿ ಎರಡು ಎಂಜಿನ್‌ಗಳನ್ನು ನೂಕಿ ಯಾರು ಚೆನ್ನಾಗಿ ಈಜುತ್ತಾರೆ ಎಂದು ನೋಡುತ್ತಿದ್ದೇವೆ. ಕೆಟ್ಟ ಸ್ಥಿತಿಗೆ ಬೀಳದಂತೆ ಮೊದಲೇ ಎಚ್ಚರ ವಹಿಸುವ ಎಂಜಿನ್‌ನ ಆ ಗುಣಕ್ಕೆ ಇಲ್ಲಿ ಪೂರ್ತಿ ಬೆಲೆ ಸಿಗುವುದಿಲ್ಲ. ಮಾಮೂಲಿ ಚೆಸ್‌ನಲ್ಲಿ ಯಾರು ಬಲಶಾಲಿ ಎಂದು ಕೇಳಿದವರಿಗೆ ಉತ್ತರ ‘ಯಾರೂ ಯಾರನ್ನೂ ಸೋಲಿಸುವುದಿಲ್ಲ’. ಅದನ್ನು ಹೇಳಲು ಟೂರ್ನಿ ಬೇಕಿಲ್ಲವಾದ್ದರಿಂದ ಬೇರೆ ಪ್ರಶ್ನೆ ಕೇಳಿಕೊಂಡು ಅದಕ್ಕೆ ಉತ್ತರ ಹುಡುಕುತ್ತಿದ್ದೇವೆ.

ಹತ್ತು ಸೆಕೆಂಡಿನ ಪಂದ್ಯಗಳು

ಹಾಗಾದರೆ ಬಲವನ್ನು ನಿಜವಾಗಿ ಅಳೆಯುವುದು ಎಲ್ಲಿ? ಯಾರೂ ಕುಳಿತು ನೋಡದ ಕಡೆ. 2013ರಲ್ಲಿ ಗ್ಯಾರಿ ಲಿನ್‌ಸ್ಕಾಟ್ ಸ್ಟಾಕ್‌ಫಿಶ್‌ಗಾಗಿ ‘ಫಿಶ್‌ಟೆಸ್ಟ್’ ಎಂಬ ವ್ಯವಸ್ಥೆ ಕಟ್ಟಿದರು. ಜಗತ್ತಿನ ಬೇರೆ ಬೇರೆ ಮೂಲೆಗಳ ಸ್ವಯಂಸೇವಕರು ತಮ್ಮ ಕಂಪ್ಯೂಟರಿನ ಬಿಡುವಿನ ವೇಳೆಯನ್ನು ಅದಕ್ಕೆ ಕೊಡುತ್ತಾರೆ. ಕೋಡ್‌ನಲ್ಲಿ ಯಾರಾದರೂ ಒಂದು ಸಣ್ಣ ಬದಲಾವಣೆ ಸೂಚಿಸಿದರೆ, ಹೊಸ ಆವೃತ್ತಿ ಮತ್ತು ಹಳೆಯ ಆವೃತ್ತಿಯ ನಡುವೆ ಸಾವಿರಾರು, ಕೆಲವೊಮ್ಮೆ ಲಕ್ಷ ದಾಟುವಷ್ಟು ಪಂದ್ಯ ನಡೆಯುತ್ತವೆ. ಮೊದಲ ಹಂತದಲ್ಲಿ ಇಡೀ ಪಂದ್ಯಕ್ಕೆ ಒಬ್ಬರಿಗೆ 10 ಸೆಕೆಂಡು, ಮೇಲೆ ನಡೆಗೊಂದು ಸೆಕೆಂಡಿನ ಹತ್ತನೇ ಒಂದು ಭಾಗ. ಅದರಲ್ಲಿ ಪಾಸಾದರೆ 60 ಸೆಕೆಂಡಿನ ಪಂದ್ಯಗಳು. ಎಷ್ಟು ಆಡಿದರೆ ಸಾಕು ಎಂಬುದನ್ನು ಮೊದಲೇ ಗೊತ್ತು ಮಾಡುವುದಿಲ್ಲ. ಫಲಿತಾಂಶ ಬರುತ್ತ ಬರುತ್ತ ಪುರಾವೆ ಸಾಕಷ್ಟು ಗಟ್ಟಿಯಾದ ಕೂಡಲೇ ಪರೀಕ್ಷೆ ನಿಲ್ಲುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಬ್ರಹಾಂ ವಾಲ್ಡ್ ಎಂಬ ಸಂಖ್ಯಾಶಾಸ್ತ್ರಜ್ಞ ರೂಪಿಸಿದ ಪರೀಕ್ಷಾ ವಿಧಾನ ಇದು. ಒಂದೆರಡು ಎಲೊ ಹೆಚ್ಚಿಸುವ ತಿದ್ದುಪಡಿಯೂ ಇಲ್ಲಿ ಸಿಕ್ಕಿಬೀಳುತ್ತದೆ. ಇದರ ಜತೆಗೆ ‘ಸಿಸಿಆರ್‌ಎಲ್’ನಂಥ ಹವ್ಯಾಸಿ ಬಳಗಗಳು ನೂರಾರು ಎಂಜಿನ್‌ಗಳನ್ನು ಪರಸ್ಪರ ಆಡಿಸಿ ರೇಟಿಂಗ್ ಪಟ್ಟಿ ತಯಾರಿಸುತ್ತವೆ, ಪ್ರತಿ ಹೆಸರಿನ ಮುಂದೆ ಎಷ್ಟು ಹೆಚ್ಚುಕಡಿಮೆ ಇರಬಹುದು ಎಂಬ ಪ್ರಾಮಾಣಿಕ ಸೂಚನೆಯೊಂದಿಗೆ.

ಅತಿ ಬಲಿಷ್ಠ ಎಂಜಿನ್ ಯಾವುದು ಎಂದು ನನ್ನನ್ನು ಕೇಳಿದರೆ ನಾನು ಕೈ ತೋರಿಸುವುದು ಈ ನೀರಸ ಪಟ್ಟಿಗಳ ಕಡೆ, ಟ್ರೋಫಿಯ ಕಡೆ ಅಲ್ಲ. ಪಟ್ಟಿಗಳಿಗೂ ಕುರುಡು ಮೂಲೆಗಳಿವೆ. ತನ್ನದೇ ಹಳೆಯ ರೂಪವನ್ನು ಸೋಲಿಸುತ್ತ ಬೆಳೆದ ಎಂಜಿನ್ ಅಪರಿಚಿತ ಎದುರಾಳಿಯೆದುರು ಅಷ್ಟೇ ಲಾಭ ತೋರಿಸುವುದಿಲ್ಲ, ಮನೆಯೊಳಗಿನ 20 ಎಲೊ ಹೊರಗೆ 10 ಆಗಿಬಿಡಬಹುದು. ಹತ್ತು ಸೆಕೆಂಡಿನಲ್ಲಿ ಚುರುಕಾದದ್ದು ಎರಡು ಗಂಟೆ ಕೊಟ್ಟರೆ ಅಷ್ಟೇ ಮುಂದಿರುತ್ತದೆ ಎಂದೂ ಇಲ್ಲ. ಟೂರ್ನಿಗಳು ಬೆಲೆ ಪಡೆಯುವುದು ಇಲ್ಲಿ. ಎಂಜಿನ್ ಅನ್ನು ಅದರ ಮನೆಯಿಂದ ಹೊರಗೆಳೆದು, ಗುರುತಿಲ್ಲದ ಯಂತ್ರದ ಮೇಲೆ, ಗುರುತಿಲ್ಲದ ಎದುರಾಳಿಯ ಮುಂದೆ ಕೂರಿಸುತ್ತವೆ. ನಡುವೆ ಕ್ರ್ಯಾಷ್ ಆದರೆ ಆ ಪಂದ್ಯ ಸೋತಂತೆ, ಮತ್ತೆ ಮತ್ತೆ ಆದರೆ ಟೂರ್ನಿಯಿಂದಲೇ ಹೊರಗೆ. ಬರೆದವರಿಗೆ ಗೊತ್ತೇ ಇರದ ಎಷ್ಟೋ ದೋಷಗಳು ಬೆಳಕಿಗೆ ಬಂದಿರುವುದು ಹೀಗೆಯೇ.

ಒಮ್ಮೊಮ್ಮೆ ದೋಷವೆಂದು ಕಂಡದ್ದು ದೋಷವಾಗಿರುವುದೂ ಇಲ್ಲ. 1977ರ ಟೊರಾಂಟೊದ ಮೊದಲ ಸುತ್ತಿನಲ್ಲಿ ಕೈಸ್ಸಾ ‘ಡಚೆಸ್’ ಎಂಬ ಪ್ರೋಗ್ರಾಂ ಎದುರು ಕಪ್ಪು ಕಾಯಿಯಲ್ಲಿ ಆಡುತ್ತಿತ್ತು. ಡಚೆಸ್ ರಾಣಿಯಿಂದ ಚೆಕ್ ಕೊಟ್ಟಾಗ, ರಾಜನನ್ನು ಒಂದು ಮನೆ ಸರಿಸುವುದು ಬಿಟ್ಟು ಕೈಸ್ಸಾ ತನ್ನ ಒಂದು ಆನೆಯನ್ನು ಪುಕ್ಕಟೆಯಾಗಿ ಅಡ್ಡ ಇಟ್ಟಿತು. ನೋಡುತ್ತಿದ್ದವರೆಲ್ಲ ಪ್ರೋಗ್ರಾಂ ಕೆಟ್ಟಿತು ಎಂದುಕೊಂಡರು. ಮಾಜಿ ವಿಶ್ವ ಚಾಂಪಿಯನ್ ಮಿಖಾಯಿಲ್ ಬೊಟ್ವಿನಿಕ್ ಕೂಡ ಆ ಸಭಾಂಗಣದಲ್ಲಿದ್ದರು, ಅವರಿಗೂ ಅದು ತಪ್ಪಾಗಿಯೇ ಕಂಡಿತು. ಕೈಸ್ಸಾ ಆ ಪಂದ್ಯ ಸೋತಿತು. ಆಮೇಲೆ ಅದರ ತಂಡದವರು ರಾಜನನ್ನು ಸರಿಸಿದ್ದರೆ ಏನಾಗುತ್ತಿತ್ತೆಂದು ಯಂತ್ರವನ್ನೇ ಕೇಳಿದರು. ಎದುರಾಳಿ ರಾಣಿಯನ್ನು ಬಲಿ ಕೊಟ್ಟು ಕೆಲವೇ ನಡೆಗಳಲ್ಲಿ ಮೇಟ್ ಮಾಡುತ್ತಿತ್ತು ಎಂದು ಅದು ತೋರಿಸಿತು. ಅಲ್ಲಿದ್ದ ಮನುಷ್ಯರಿಗೆ ಕಾಣದ ಮೇಟ್. ಆ ಒಂದು ನಡೆ ಕೈಸ್ಸಾದ ರೇಟಿಂಗ್‌ಗೆ ಏನನ್ನೂ ಸೇರಿಸಲಿಲ್ಲ, ಅಂಕಪಟ್ಟಿಯಲ್ಲಿ ಅದಕ್ಕೆ ಸೊನ್ನೆಯೇ. ಆದರೆ ಯಂತ್ರ ಹೇಗೆ ಯೋಚಿಸುತ್ತದೆ ಎನ್ನುವುದನ್ನು ತಜ್ಞರಿಗೆ ಕಲಿಸಲು ಸಾವಿರ ಪಂದ್ಯಗಳ ಸರಾಸರಿಯಿಂದ ಆಗದ್ದು ಆ ಒಂದು ಆನೆಯಿಂದ ಆಯಿತು.

2020ರ ಆಗಸ್ಟ್‌ನಲ್ಲಿ ಸ್ಟಾಕ್‌ಫಿಶ್ ತನ್ನೊಳಗೆ ಒಂದು ಸಣ್ಣ ನ್ಯೂರಲ್ ನೆಟ್‌ವರ್ಕನ್ನು ಸೇರಿಸಿಕೊಂಡಿತು. ಸಾಮಾನ್ಯ ಪ್ರೊಸೆಸರ್ ಮೇಲೆ ವೇಗವಾಗಿ ಓಡಬಲ್ಲ ಆ ತಂತ್ರವನ್ನು ಜಪಾನಿನ ಯು ನಾಸು 2018ರಲ್ಲಿ ಶೋಗಿ ಎಂಬ ಜಪಾನಿ ಚೆಸ್ ಆಟಕ್ಕಾಗಿ ರೂಪಿಸಿದ್ದರು. ಲೀಲಾಳ ಎರಡು ಗೆಲುವುಗಳು ಸ್ಟಾಕ್‌ಫಿಶ್ ಬಳಗದ ಗಮನವನ್ನು ನ್ಯೂರಲ್ ನೆಟ್‌ವರ್ಕ್ ಕಡೆ ತಿರುಗಿಸಿದ್ದವು ಎಂದು ಊಹಿಸುವುದು ಕಷ್ಟವಲ್ಲ. ಸಂಖ್ಯಾಶಾಸ್ತ್ರದ ಕಣ್ಣಿಗೆ ಸಾಲದ ಗೆಲುವುಗಳು ಅವು. 18ನೇ ಸೀಸನ್‌ನಿಂದೀಚೆಗೆ ಟಿಸಿಇಸಿಯಲ್ಲಿ ಸಾಲು ಸಾಲಾಗಿ ಗೆಲ್ಲುತ್ತಿರುವುದು ಸ್ಟಾಕ್‌ಫಿಶ್. ಒಂದೇ ಸಲ ನೋಡಿದರೆ ನಂಬಲಾಗದ ಫಲಿತಾಂಶ ಸೀಸನ್ ಮೇಲೆ ಸೀಸನ್ ಮರುಕಳಿಸಿದಾಗ ಅದಕ್ಕೂ ತೂಕ ಬರುತ್ತದೆ. ಅಷ್ಟರಲ್ಲಿ ಪಟ್ಟಿಗಳೂ ಅದನ್ನೇ ಹೇಳುತ್ತಿದ್ದವು ಎಂಬುದು ಬೇರೆ.

ಟಿಸಿಇಸಿಯ ಒಂದು ಸೀಸನ್ ಮುಗಿಯಲು ತಿಂಗಳುಗಳು ಬೇಕು. ಸೂಪರ್‌ಫೈನಲ್‌ಗೆ ಕಳುಹಿಸಿದ ಆವೃತ್ತಿಯನ್ನು ಆಟದ ನಡುವೆ ಬದಲಿಸುವಂತಿಲ್ಲ. ಇತ್ತ ಫಿಶ್‌ಟೆಸ್ಟ್ ನಿಲ್ಲುವುದಿಲ್ಲ. ನೂರನೇ ಪಂದ್ಯ ಮುಗಿದು ಚಾಂಪಿಯನ್ ಹೆಸರು ಘೋಷಣೆಯಾಗುವ ವೇಳೆಗೆ, ಆ ಚಾಂಪಿಯನ್ ಅನ್ನು ಸೋಲಿಸಬಲ್ಲ ಹೊಸ ಆವೃತ್ತಿ ಸಾಮಾನ್ಯವಾಗಿ ಡೌನ್‌ಲೋಡ್‌ಗೆ ಸಿದ್ಧವಿರುತ್ತದೆ, ಅದೂ ಪುಕ್ಕಟೆಯಾಗಿ.